ಸ್ಟೆಪ್ನಿ ಇಲ್ಲದ ಕಾರು: ನಂಜನಗೂಡು, ಟಿ. ನರಸೀಪುರ ದಾರಿಯಲ್ಲಿ ಪಂಕ್ಚರ್ ಆದರೆ

ಕಾರು ಕೊಳ್ಳುವಾಗ ಎಂಜಿನ್ನು, ಮೈಲೇಜು, ಬಣ್ಣ ಎಲ್ಲವನ್ನೂ ವಿಚಾರಿಸುವ ನಾವು ಡಿಕ್ಕಿಯ ನೆಲಹಾಸನ್ನು ಎತ್ತಿ ನೋಡುವುದು ಕಡಿಮೆ. ಅದರ ಕೆಳಗೆ ಸ್ಟೆಪ್ನಿಯೇ ಇಲ್ಲವೆಂಬ ಸಂಗತಿ ಹಲವರಿಗೆ ತಿಳಿಯುವುದು ಮೊದಲ ಪಂಕ್ಚರ್ ಆದ ದಿನ. ಶ್ರೀಕಂಠೇಶ್ವರನ ದರ್ಶನಕ್ಕೋ, ಟಿ. ನರಸೀಪುರದ ಸಂಗಮಕ್ಕೋ, ತಲಕಾಡಿಗೋ ಸಂಸಾರ ಸಮೇತ ಹೊರಡುವವರು ಇದನ್ನು ಮನೆಯಲ್ಲೇ ನೋಡಿಕೊಳ್ಳುವುದು ಒಳಿತು.

ಸ್ಟೆಪ್ನಿ ಇಲ್ಲದಿರುವುದು ಕಾನೂನುಬಾಹಿರವೇನಲ್ಲ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಗಾಳಿಯೊತ್ತಡ ತಿಳಿಸುವ ವ್ಯವಸ್ಥೆ ಹಾಗೂ ಟೈರು ದುರಸ್ತಿ ಕಿಟ್ ಇರುವ, 3.5 ಟನ್ ಮೀರದ ಪ್ರಯಾಣಿಕ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕೆಲವು ದುಬಾರಿ ಕಾರುಗಳಲ್ಲಿ ಸ್ಟೆಪ್ನಿಯ ಬದಲು ರನ್-ಫ್ಲಾಟ್ ಟೈರುಗಳಿರುತ್ತವೆ.

ರನ್-ಫ್ಲಾಟ್ ಎಂದರೆ ಪಂಕ್ಚರ್ ಆಗದ ಟೈರು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮೊಳೆ ಇದಕ್ಕೂ ಚುಚ್ಚುತ್ತದೆ, ಗಾಳಿ ಇದರಿಂದಲೂ ಹೋಗುತ್ತದೆ. ವ್ಯತ್ಯಾಸವಿರುವುದು ಟೈರಿನ ಪಕ್ಕೆಯಲ್ಲಿ. ಅಲ್ಲಿನ ರಬ್ಬರು ದಪ್ಪವಾಗಿಯೂ ಗಡುಸಾಗಿಯೂ ಇರುವುದರಿಂದ ಗಾಳಿ ಪೂರ್ತಿ ಹೋದರೂ ಟೈರು ಕುಸಿಯದೆ ಕಾರಿನ ಭಾರವನ್ನು ಸ್ವಲ್ಪ ಹೊತ್ತು ಹೊರುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಸಾಗಬಹುದೆಂದು ತಯಾರಕರು ಹೇಳುತ್ತಾರೆ. ತುಂಬಿದ ಕಾರು, ಹಳ್ಳಬಿದ್ದ ರಸ್ತೆ, ಬಿರುಬಿಸಿಲು ಇದ್ದರೆ ಈ ಲೆಕ್ಕ ಇಳಿಯುತ್ತದೆ. ಗಾಳಿ ಹೋದದ್ದು ಚಾಲಕನ ಕೈಗೆ ತಿಳಿಯದಿರುವುದೂ ಉಂಟು. ಆದ್ದರಿಂದ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪವನ್ನು ಅಲಕ್ಷಿಸುವಂತಿಲ್ಲ.

ಇನ್ನೊಂದು ಬಗೆಯ ಟೈರನ್ನೂ ಇದರೊಡನೆ ಬೆರೆಸಿ ಮಾತನಾಡುವುದುಂಟು. ಚುಚ್ಚಿದ ರಂಧ್ರವನ್ನು ಒಳಗಿನ ಅಂಟು ಪದರವೇ ಮುಚ್ಚಿಬಿಡುವ ಟೈರು ಅದು. ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ವಹಿಸಿಕೊಂಡು ಮೈಸೂರಿನಲ್ಲಿ ನೆಲೆಯೂರಿದ ಜೆ.ಕೆ. ಟೈರ್ ಸಂಸ್ಥೆ 2022ರಲ್ಲಿ ಇಂಥದೊಂದನ್ನು ಮಾರುಕಟ್ಟೆಗೆ ತಂದಿತು. ಇದು ಸಣ್ಣ ಮೊಳೆಗೆ ಮದ್ದೇ ಹೊರತು ಗಾಳಿಯಿಲ್ಲದೆ ಓಡುವ ಟೈರಲ್ಲ.

ನಮ್ಮ ದಾರಿಗಳ ಲೆಕ್ಕಕ್ಕೆ ಬರೋಣ. ನಂಜನಗೂಡು, ಟಿ. ನರಸೀಪುರ ಎರಡರಿಂದಲೂ ಮೈಸೂರು ನಲವತ್ತು ಕಿ.ಮೀ. ಒಳಗೇ ಇದೆ. ಹೀಗಾಗಿ ರನ್-ಫ್ಲಾಟ್ ಟೈರಿನ ಕಾರಾದರೆ ನಿಧಾನವಾಗಿ ಮೈಸೂರಿಗೇ ಹೋಗುವುದು ಸರಿ. ರಸ್ತೆ ಬದಿಯ ಪಂಚರ್ ಅಂಗಡಿಯವರ ಕೈಚಳಕವನ್ನು ಕಡೆಗಣಿಸುವ ಮಾತಲ್ಲ ಇದು. ಮಾಮೂಲಿ ಟ್ಯೂಬ್‌ಲೆಸ್ ಟೈರಿಗೆ ಅವರು ಹಾಕುವ ಬತ್ತಿ ಹಲವು ವೇಳೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಗಡುಸು ಪಕ್ಕೆಯ ಟೈರನ್ನು ಕಬ್ಬಿಣದ ಪಟ್ಟಿಯಿಂದ ಮೀಟಿ ಕಳಚಹೊರಟರೆ ಅಂಚು ಹರಿಯುತ್ತದೆ. ಅದಕ್ಕೆ ತಕ್ಕ ಯಂತ್ರವೇ ಬೇಕು. ಗಾಳಿಯಿಲ್ಲದೆ ಓಡಿದ ರನ್-ಫ್ಲಾಟ್ ಟೈರಿನ ಒಳಗೋಡೆ ಎಷ್ಟು ಬೆಂದಿದೆಯೆಂಬುದು ಹೊರಗೆ ಕಾಣದು, ಬದಲಿಸುವುದೇ ಕ್ಷೇಮ. ಖರ್ಚು ಕಡಿಮೆಯೇನಲ್ಲ.

ಈ ಭಾಗದಲ್ಲಿ ಟೈರಿಗೆ ಮೊಳೆಯಷ್ಟೇ ಶತ್ರುವಲ್ಲ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ; ಅದರ ಅಂಚಿಗೆ ಕಾವಲಾಗಿ ಕಲ್ಲು ಇಡುತ್ತಾರೆ. ಅದಕ್ಕೆ ತಾಗಿ ಪಕ್ಕೆ ಸೀಳಿದರೆ ಬತ್ತಿಯೂ ನಿಲ್ಲದು, ಕಿಟ್ಟಿನ ದ್ರಾವಣವೂ ಕೆಲಸ ಮಾಡದು. ಹುಲ್ಲಿನ ಮೇಲೆ ಬಿಸಿ ಕಾರನ್ನು ನಿಲ್ಲಿಸಲೂಬಾರದು. ಕೆಳಗೆ ಸುತ್ತಿಕೊಂಡ ಹುರುಳಿ ಬಳ್ಳಿಗೆ ಬೆಂಕಿ ತಗುಲಿ ವಾಹನಗಳು ಸುಟ್ಟ ಪ್ರಸಂಗಗಳಿವೆ.

ರನ್-ಫ್ಲಾಟ್ ಟೈರಿನ ನಿಜವಾದ ಬೆಲೆ ಗೊತ್ತಾಗುವುದು ನಂಜನಗೂಡಿನಿಂದ ಮುಂದೆ. ರಾಷ್ಟ್ರೀಯ ಹೆದ್ದಾರಿ 766 ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡನ್ನು ಹೊಕ್ಕು ವಯನಾಡಿಗೆ ಹೋಗುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಹಗಲಿನಲ್ಲೂ ಕಾಡಿನ ನಡುವೆ ಇಳಿಯುವಂತಿಲ್ಲ. ಸಂಜೆ ಏಳೂವರೆಗೆ ಆನೆ ದಾಟುವ ತಿರುವಿನಲ್ಲಿ ಜಾಕ್ ಹಾಕಿ ಕೂರುವ ಸ್ಥಿತಿ ಯಾರಿಗೂ ಬೇಡ. ಗಾಳಿ ಹೋದ ಟೈರಿನಲ್ಲೇ ಕಾಡು ದಾಟಿ ಚೆಕ್‌ಪೋಸ್ಟ್ ತಲುಪಿಸುವ ಶಕ್ತಿ ಈ ಟೈರಿಗಿದೆ. ಮಾಮೂಲಿ ಟೈರಿನವರು ಗುಂಡ್ಲುಪೇಟೆಯಲ್ಲೇ ನಾಲ್ಕು ಟೈರುಗಳ ಜೊತೆ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿಕೊಂಡು, ಹೊತ್ತು ಮುಳುಗುವ ಮುನ್ನ ಕಾಡು ದಾಟಬೇಕು. ಅಲ್ಲೇ ಸಿಕ್ಕಿಬಿದ್ದರೆ ಗಾಜು ಏರಿಸಿ, ತುರ್ತುದೀಪ ಉರಿಸಿ, ಒಳಗೇ ಕುಳಿತು 112ಕ್ಕೆ ಕರೆಮಾಡಿ; ಮೊಬೈಲ್ ಸಿಗ್ನಲ್ ಸಿಗದಿದ್ದರೆ ಹಾದುಹೋಗುವ ಬಸ್ಸಿನವರಿಗೆ ಸುದ್ದಿ ಮುಟ್ಟಿಸಿ.

ರನ್-ಫ್ಲಾಟ್ ತೆಗೆದು ಮಾಮೂಲಿ ಟೈರು ಹಾಕಿಸುವವರೂ ಇದ್ದಾರೆ. ಸವಾರಿ ಮೆತ್ತಗಾಗುತ್ತದೆ, ಟೈರು ಅಗ್ಗವಾಗುತ್ತದೆ. ಆದರೆ ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗವನ್ನೂ ಮಾಡಿಕೊಳ್ಳಬೇಕು. ಊರೊಳಗೇ ಓಡಾಡುವವರಿಗೆ ಇದು ಒಪ್ಪಬಹುದಾದ ದಾರಿ. ತಿಂಗಳಿಗೆರಡು ಸಲ ಕಾಡು ದಾಟುವವರು ಇದ್ದುದನ್ನು ಉಳಿಸಿಕೊಳ್ಳುವುದೇ ಮೇಲೆಂದು ನಮಗೆ ತೋರುತ್ತದೆ.

ಚಕ್ರ ಬದಲಿಸುವವರಿಗೆ ಒಂದೆರಡು ಮಾತು. ಟಿ. ನರಸೀಪುರದ ಕಡೆ ನಾಲೆ, ಗದ್ದೆಗಳ ಬದಿಯ ಮಣ್ಣು ಮೆತ್ತಗಿರುತ್ತದೆ. ಜಾಕಿನ ಕೆಳಗೆ ಹಲಗೆ ಇಲ್ಲದಿದ್ದರೆ ಕಾರು ಮೇಲೇಳುವ ಬದಲು ಜಾಕೇ ಇಳಿಯುತ್ತದೆ. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಿ. ಟ್ಯೂಬ್‌ಲೆಸ್ ಟೈರಿಗೆ ಚುಚ್ಚಿದ ಮೊಳೆಯನ್ನು ಅಂಗಡಿ ತಲುಪುವ ಮುನ್ನ ಕೀಳಬೇಡಿ, ಗಾಳಿಯನ್ನು ಹಿಡಿದಿರುವುದು ಅದೇ. ಹೊರಡುವಾಗ ಚಕ್ರಕ್ಕೆ ಅಡ್ಡ ಕೊಟ್ಟ ಕಲ್ಲನ್ನು ರಸ್ತೆಯಿಂದ ಎತ್ತಿ ಬದಿಗಿಡಿ. ಹಿಂದೆ ಬರುವ ಬೈಕಿನವನಿಗೆ ಕತ್ತಲಲ್ಲಿ ಅದು ಕಾಣುವುದಿಲ್ಲ.