ಕುಲಗೋಡ: ನಾಲ್ಕು ಅಕ್ಷರ, ಹದಿನೆಂಟು ಬೈಟು

ಮೂಡಲಗಿ ತಾಲ್ಲೂಕಿನ ಕುಲಗೋಡದಂಥ ಊರಿನಿಂದ ಬೆಂಗಳೂರಿಗೆ ತುರ್ತು ಸುದ್ದಿ ಮುಟ್ಟಿಸಬೇಕೆಂದರೆ, ಟ್ರಂಕ್ ಕಾಲ್ ಸಿಗದಿದ್ದಾಗ ತಂತಿಯೇ ಗತಿಯೆಂಬ ಕಾಲವೊಂದಿತ್ತು. ಹೇಳುವ ಮಾತು ಕನ್ನಡದ್ದು. ತಂತಿಯ ಮೇಲೆ ಓಡುತ್ತಿದ್ದುದು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ. ಬಂದ ಕಾಗದವನ್ನು ಓದಿಸಲು ಶಾಲೆಯ ಮಾಸ್ತರರನ್ನು ಹುಡುಕಬೇಕು. 2013ರ ಜುಲೈನಲ್ಲಿ ಆ ತಂತಿ ಸೇವೆಯೂ ನಿಂತಿತು.

ಈಗ ಮೊಬೈಲಿನಲ್ಲಿ ಕನ್ನಡವೇ ಹೋಗುತ್ತದೆ, ಕನ್ನಡವೇ ಬರುತ್ತದೆ. ಆದರೆ ಇದು ತಾನಾಗಿ ಆದದ್ದಲ್ಲ.

ಅಮೆರಿಕದ ಅರ್ಪಾನೆಟ್ ಜಾಲವು 1983ರ ಜನವರಿ 1ರಂದು ಟಿಸಿಪಿ/ಐಪಿ ಎಂಬ ಸಂವಹನ ನಿಯಮಗಳಿಗೆ ಹೊರಳಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರವು ತನ್ನ ಯೂನಿಕ್ಸ್ ತಂತ್ರಾಂಶದಲ್ಲಿ 'ಸಾಕೆಟ್' ಎಂಬುದನ್ನು ಸೇರಿಸಿತು. ಗೋಡೆಯ ಪ್ಲಗ್ ಪಾಯಿಂಟಿಗೆ ನಾವು ಹೇಳುವ ಹೆಸರೇ ಇದು, ಕೆಲಸವೂ ಹೆಚ್ಚುಕಡಿಮೆ ಅದೇ. ಒಂದು ಗಣಕಯಂತ್ರ ಗೊತ್ತಾದ ಸಂಖ್ಯೆಯ ಬಾಗಿಲಲ್ಲಿ ಕಿವಿಗೊಟ್ಟು ಕಾಯುತ್ತದೆ; ಇನ್ನೊಂದು ಬಂದು ಕೂಡಿಕೊಳ್ಳುತ್ತದೆ. ಬಳಿಕ ಇವರು ಕಳಿಸಿದ್ದನ್ನು ಅವರು ಪಡೆಯಬಹುದು. ನಮ್ಮಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್ಎನ್ಎಲ್ ಮೂಲಕ.

ಸಾಕೆಟ್ಟಿಗೆ ಅಕ್ಷರಜ್ಞಾನವಿಲ್ಲ. ಅದು ಒಯ್ಯುವುದು ಬೈಟುಗಳನ್ನು, ಎಂದರೆ ಸೊನ್ನೆಯಿಂದ 255ರವರೆಗಿನ ಅಂಕಿಗಳನ್ನು ಮಾತ್ರ. ಯಾವ ಅಂಕಿ ಯಾವ ಅಕ್ಷರವೆಂಬ ಒಪ್ಪಂದ ಎರಡೂ ಕಡೆ ಇರಬೇಕು. ಇಂಗ್ಲಿಷಿಗೆ ಅದು 1963ರಲ್ಲೇ ಆಗಿತ್ತು. ಕನ್ನಡದಲ್ಲೋ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಹುಕಾಲ ನಡೆದವು. ಪಡೆದವರಲ್ಲಿ ಅದೇ ಫಾಂಟು ಇಲ್ಲದಿದ್ದರೆ ತೆರೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು! ಜಾಲ ಒಂದು ಬೈಟನ್ನೂ ಕಳೆದಿರಲಿಲ್ಲ. ಪತ್ರ ಮಾತ್ರ ಕಳೆದಿತ್ತು.

1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ದೊರೆಯಿತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. 'ಕುಲಗೋಡ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕೊಂಬು ಮತ್ತು ಓತ್ವವನ್ನು ಬೇರೆ ಎಣಿಸುವುದರಿಂದ ಯಂತ್ರಕ್ಕೆ ಆರು ಸಂಕೇತ, ಹದಿನೆಂಟು ಬೈಟು.

ತೊಡಕು ಇರುವುದು ಇಲ್ಲೇ. ಟಿಸಿಪಿ ಬೈಟುಗಳ ಸರದಿ ತಪ್ಪಿಸುವುದಿಲ್ಲ, ಆದರೆ ಕಳಿಸಿದ ಗಂಟನ್ನು ಹಾಗೆಯೇ ಒಪ್ಪಿಸುವ ಭರವಸೆಯನ್ನೂ ಕೊಡುವುದಿಲ್ಲ. ಮೊದಲು ಹತ್ತು, ಆಮೇಲೆ ಎಂಟು ಬೈಟು ಬರಬಹುದು. ಹತ್ತನ್ನು ಕೂಡಲೇ ಅಕ್ಷರವಾಗಿಸಲು ಹೊರಟರೆ 'ಕುಲ' ಎಂದು ಮೂಡಿ, ಮುಂದೆ 'ಗ'ಕಾರದ ಮೂರನೇ ಒಂದು ಪಾಲು ಉಳಿಯುತ್ತದೆ. ಅಲ್ಲಿ ತೆರೆ ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತದೆ.

ಮೋರ್ಸ್ ಕಾಲದ ತಂತಿಗಾರ ಸಂದೇಶ ಮುಗಿದಾಗ ಅದಕ್ಕೆಂದೇ ಇದ್ದ ಸಂಕೇತ ಬಾರಿಸುತ್ತಿದ್ದ. ಸಾಕೆಟ್ಟಿನಲ್ಲಿ ಆ ಏರ್ಪಾಡನ್ನು ಪ್ರೋಗ್ರಾಂ ಬರೆಯುವವರೇ ಮಾಡಬೇಕು: ಮೊದಲು ಉದ್ದ ತಿಳಿಸುವುದು, ಇಲ್ಲವೇ ಸಾಲಿನ ಕೊನೆಗೊಂದು ಗುರುತು ಇಡುವುದು, ಪೂರ್ತಿ ಬರುವ ತನಕ ಬೈಟುಗಳನ್ನು ಕೂಡಿಟ್ಟುಕೊಳ್ಳುವುದು. ಬರಿಯ ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಅಕ್ಷರ ಸೀಳುವ ಈ ದೋಷ ಕಾಣುವುದೇ ಇಲ್ಲ, ಅಲ್ಲಿ ಅಕ್ಷರಕ್ಕೊಂದೇ ಬೈಟು. ಕನ್ನಡದ ಊರ ಹೆಸರೊಂದನ್ನು ಕಳಿಸಿ, ಆ ಕಡೆ ಹತ್ತು ಹತ್ತು ಬೈಟಿನಂತೆ ಓದಿಸಿದಾಗ ಅದು ಕೂಡಲೇ ಸಿಕ್ಕಿಬೀಳುತ್ತದೆ.