ಧಾರಾಗೃಹವೂ ಮಣ್ಣಿನ ಮಾಳಿಗೆಯೂ

ವಿಜಯಪುರದ ಆದಿಲಶಾಹಿ ಅರಸರು ಬೇಸಗೆಯ ತಾಪವನ್ನು ಕಳೆಯಲೆಂದು ಕಟ್ಟಿಸಿದ ಜಲಮಂದಿರಗಳನ್ನು ಕುರಿತು ಬರೆಯುವವರು, ಅದು ಪಾರಸೀಕ ದೇಶದಿಂದ ಬಂದ ಕಲೆಯೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಈ ಅಭಿಪ್ರಾಯವನ್ನು ಪರೀಕ್ಷಿಸದೆ ಒಪ್ಪುವುದು ಯುಕ್ತವಲ್ಲ.

ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿಯೆಂಬ ಗ್ರಾಮವಿದೆ. ಅಲ್ಲಿಯ ಕೆರೆಯ ಮಗ್ಗುಲಲ್ಲಿ ಅರಸರ ವಿಹಾರಮಂಟಪಗಳು ಇಂದಿಗೂ ನಿಂತಿವೆ. ಎತ್ತರವಾದ ಗೋಪುರಕ್ಕೆ ನೀರನ್ನೇರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಮಂಟಪಕ್ಕೆ ಹರಿಯಿಸಿ, ಛಾವಣಿಯಿಂದ ಮಳೆಯಂತೆ ಸುರಿಯುವ ಹಾಗೆ ಏರ್ಪಡಿಸಿದ್ದರು. ಗೋಡೆಗಳ ಮೇಲಿನ ಚಿತ್ರಗಳು ಬಹಳ ಮಟ್ಟಿಗೆ ಮಾಸಿಹೋಗಿವೆ. ಇನ್ನು 11ನೆಯ ಶತಮಾನದ ಭೋಜರಾಜನ ‘ಸಮರಾಂಗಣಸೂತ್ರಧಾರ’ವನ್ನು ತೆರೆದು ನೋಡಿದರೆ, ಯಂತ್ರಾಧ್ಯಾಯದಲ್ಲಿ ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತಗಳೆಂಬ 5 ಬಗೆಯ ಜಲಗೃಹಗಳು ಹೇಳಲ್ಪಟ್ಟಿವೆ. ಕುಮಟಗಿಯ ಕೃತಕವೃಷ್ಟಿಗೆ ‘ಪ್ರವರ್ಷಣ’ಕ್ಕಿಂತ ಒಪ್ಪುವ ಹೆಸರು ಬೇರೊಂದಿಲ್ಲ. ಯಂತ್ರಧಾರಾಗೃಹವೆಂಬ ಮಾತು ಮೇಘದೂತದಲ್ಲಿಯೇ ಬಂದಿರುವುದು ವಿದ್ವಾಂಸರಿಗೆ ವಿದಿತವಾದುದೇ. ನಮ್ಮ ನಾಡಿನ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೃಹೋಪಭೋಗಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ; ಯಾವ ಋತುವಿನಲ್ಲಿ ಯಾವ ನೀರನ್ನು ಕುಡಿಯತಕ್ಕದ್ದೆಂಬುದನ್ನು ಸಹ ಆ ಅರಸನು ಬಿಟ್ಟಿಲ್ಲ.

ಆದರೆ ಗ್ರಂಥಸಾಕ್ಷಿ ಬೇರೆ, ಕಟ್ಟಡದ ಸಾಕ್ಷಿ ಬೇರೆ. ಕುಮಟಗಿಯ ಕಮಾನುಗಳೂ ಗಾರೆಯ ಕೆಲಸವೂ ಆದಿಲಶಾಹಿ ಕಾಲದ ಕೈಗಳವೇ. ಅದನ್ನು ಅಲ್ಲಗಳೆಯುವುದು ಬರಿಯ ಹಟವಾದೀತು. ಕೈ ಹೊಸದು, ಕಲ್ಪನೆ ಈ ದೇಶಕ್ಕೆ ಹೊಸದಲ್ಲ ಎಂಬಷ್ಟೇ ನನ್ನ ವಾದ.

ಈ ಎರಡು ಪಕ್ಷಗಳ ಜಗಳದಲ್ಲಿ ಮೂರನೆಯದೊಂದು ಮರೆತೇಹೋಗಿದೆ. ಧಾರಾಗೃಹಕ್ಕೆ ನೀರು ಬೇಕು, ಅದನ್ನೇರಿಸಲು ಆಳು ಬೇಕು. ಮಳೆ ಕಡಮೆಯಾದ ಇಂಡಿ, ಸಿಂದಗಿಗಳ ಸೀಮೆಯಲ್ಲಿ ಒಕ್ಕಲುಮಕ್ಕಳಿಗೆ ಇವೆರಡೂ ಎಲ್ಲಿಯವು? ಇಂಡಿ ತಾಲೂಕಿನ ತಾಂಬಾದಂತಹ ಊರುಗಳಲ್ಲಿ ಅವರು ಕಂಡುಕೊಂಡ ಉಪಾಯವೇ ಮಣ್ಣಿನ ಮಾಳಿಗೆ. ಮೊಳಕ್ಕೆ ಮೀರಿದ ದಪ್ಪದ ಕಲ್ಲುಮಣ್ಣಿನ ಗೋಡೆ. ಅದರ ಮೇಲೆ ತೊಲೆ, ಜಂತಿ, ಸಣ್ಣ ಕಟ್ಟಿಗೆ, ಸೊಪ್ಪು. ಎಲ್ಲಕ್ಕೂ ಮೇಲೆ ಅಡಿಗಟ್ಟಲೆ ಮಣ್ಣು. ನಡುವೆ ಒಂದು ಬೆಳಕಿಂಡಿ. ಈ ಊರುಗಳು ಸುಮಾರು 17ನೆಯ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ತಿಂಗಳ ಪೂರ್ವಾರ್ಧದಲ್ಲಿ ಮಧ್ಯಾಹ್ನದ ಸೂರ್ಯನು ನೇರವಾಗಿ ನೆತ್ತಿಯ ಮೇಲೆಯೇ ನಿಲ್ಲುವನು; ಬಿಸಿಲಿನ ಹೊಡೆತವೆಲ್ಲ ಮಾಳಿಗೆಯ ಮೇಲೆ. ದಪ್ಪನಾದ ಮಣ್ಣು ಆ ಕಾವನ್ನು ಹೀರಿಕೊಂಡು, ಹಗಲೆಲ್ಲ ತಡೆದು, ಇರುಳಿನಲ್ಲಿ ಮೆಲ್ಲಗೆ ಬಿಡುವುದು. ಅಷ್ಟು ಹೊತ್ತಿಗೆ ಮನೆಯವರು ಹಾಸಿಗೆಯೊಡನೆ ಮಾಳಿಗೆಯನ್ನೇರಿರುತ್ತಾರೆ. ಹಗಲು ಕೆಳಗೆ, ಇರುಳು ಮೇಲೆ: ಮನೆಯೂ ಮನೆಯವರ ನಡೆಯೂ ಕೂಡಿದರೇನೇ ತಂಪು.

ಈ ಮನೆಗಳನ್ನು ಹೊಗಳುವಲ್ಲಿ ಒಂದು ಎಚ್ಚರಿಕೆ ಬೇಕು. 1993ರ ಸೆಪ್ಟೆಂಬರ್ 30ರಂದು ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಮಣ್ಣಿನ ಗಾರೆಯ ಕಲ್ಲುಗೋಡೆಗಳೂ ಭಾರವಾದ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಮಡಿದರು. ಮಳೆಗಾಲಕ್ಕೆ ಮುಂಚೆ ಮಾಳಿಗೆಯನ್ನು ಮಟ್ಟಸಮಾಡದಿದ್ದರೆ ಸೋರುವುದೂ ತಪ್ಪದು. ಜನರು ಸಿಮೆಂಟಿನ ಛಾವಣಿಗೆ ಮನಸೋತುದು ಕೇವಲ ವ್ಯಾಮೋಹದಿಂದಲ್ಲ.

ಆದರೆ ಆ ತೆಳುವಾದ ಛಾವಣಿಯು ಮಧ್ಯಾಹ್ನ ತಿರುಗುವಷ್ಟರಲ್ಲಿಯೇ ಕಾವನ್ನು ಒಳಕ್ಕೆ ಬಿಡುತ್ತದೆ. ಅದನ್ನು ಹೊರದೂಡಲು ಪಂಖ, ಶೀತಯಂತ್ರ, ಅವಕ್ಕೆ ವಿದ್ಯುತ್ತು. ಇದೇ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಸ್ಥಾವರವು ಕಲ್ಲಿದ್ದಲನ್ನು ಸುಡುತ್ತಿದೆ. ಅರಸನ ಧಾರಾಗೃಹದ ಆಳುಗಳ ಕೆಲಸವನ್ನು ಈಗ ಕಲ್ಲಿದ್ದಲು ಮಾಡುತ್ತಿದೆಯೆನ್ನಬಹುದು. ಹಳೆಯ ದಪ್ಪ ಗೋಡೆಗಳನ್ನು ಉಳಿಸಿಕೊಂಡು ಮಾಳಿಗೆಯನ್ನು ಮಾತ್ರ ಕಿತ್ತು ಸಿಮೆಂಟು ಹಾಕಿಸುವವರದು ಎಲ್ಲಕ್ಕಿಂತ ವಿಚಿತ್ರವಾದ ಪಾಡು: ಬಿಸಿಲು ಗೋಡೆಯಿಂದ ಬರುವುದಲ್ಲ, ನೆತ್ತಿಯಿಂದ. ಅಂಥವರು ಛಾವಣಿಗೆ ಸುಣ್ಣವನ್ನಾದರೂ ಬಳಿಸಿದರೆ ಬಿಸಿಲಿನ ಒಂದು ಪಾಲು ಮೇಲಿನಿಂದಲೇ ಹಿಂದಿರುಗೀತು.