ಮಗುವಿನ ಶ್ರಮಕ್ಕೆ ಒಡೆಯರಾರು?
ವಾರ್ಧಾ ಶಿಕ್ಷಣ ಸಮ್ಮೇಳನ ಕಲಿಸಿದ ಪಾಠ

ಕುಂದಾಪುರದ ಸಮೀಪದ ಹಟ್ಟಿಯಂಗಡಿಯಿಂದ ಉತ್ತರದ ಭಟ್ಕಳದವರೆಗೆ ಹಬ್ಬಿರುವ ಕರಾವಳಿಯು ಜೈನ ಪರಂಪರೆಗೆ ಹಳೆಯ ನೆಲೆ. ಹಟ್ಟಿಯಂಗಡಿಯಲ್ಲಿ ಪ್ರಾಚೀನ ಬಸದಿಯಿದೆ. ಭಟ್ಕಳದಲ್ಲಿ ಚಂದ್ರನಾಥೇಶ್ವರ ಬಸದಿಯಿದೆ. ಇವೆರಡರ ನಡುವೆ, ಕಡಲಿಗೆ ಸಮೀಪವಾಗಿ, ಬಿಜೂರು ಎಂಬ ಗ್ರಾಮವಿದೆ. ಇಂದು ಅದು ಬೈಂದೂರು ತಾಲ್ಲೂಕಿಗೆ ಸೇರಿದೆ. 1937ರಲ್ಲಿ ಅದು ಕುಂದಾಪುರ ತಾಲ್ಲೂಕಿನಲ್ಲಿತ್ತು. ಆ ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಆ ಜಿಲ್ಲೆ ಮದ್ರಾಸು ಪ್ರಾಂತದಲ್ಲಿ ಸೇರಿದ್ದವು. ಅನತಿ ದೂರದ ಶಿರೂರನ್ನು ದಾಟಿದೊಡನೆ ಉತ್ತರ ಕನ್ನಡ ಜಿಲ್ಲೆ, ಅಂದರೆ ಮುಂಬಯಿ ಪ್ರಾಂತ, ಆರಂಭವಾಗುತ್ತಿತ್ತು. ಒಂದೇ ಭಾಷೆಯನ್ನಾಡುವ, ಒಂದೇ ಕಡಲ ಗಾಳಿಯನ್ನು ಸೇವಿಸುವ ಮಕ್ಕಳಲ್ಲಿ ಕೆಲವರ ಪಾಠವನ್ನು ಮದ್ರಾಸಿನ ಸರ್ಕಾರವೂ ಇನ್ನು ಕೆಲವರ ಪಾಠವನ್ನು ಮುಂಬಯಿಯ ಸರ್ಕಾರವೂ ನಿರ್ಣಯಿಸುತ್ತಿದ್ದವು.

ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಈ ಎರಡೂ ಪ್ರಾಂತಗಳ ಶಿಕ್ಷಣದ ಹೊಣೆ ಹೊತ್ತ ಮಂತ್ರಿಗಳು ಮಧ್ಯಪ್ರಾಂತದ ಒಂದು ಚಿಕ್ಕ ಪಟ್ಟಣದಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ ಕುಳಿತು ಎರಡು ದಿನ ಚರ್ಚಿಸಿದರು. ಆ ಪಟ್ಟಣ ವಾರ್ಧಾ. ಆ ಶಾಲೆ ಮಾರವಾಡಿ ವಿದ್ಯಾಲಯ. ಮುಂದೆ ಅದಕ್ಕೆ ನವಭಾರತ ವಿದ್ಯಾಲಯವೆಂಬ ಹೆಸರು ಬಂದಿತು. ಭಾರತದ ಪ್ರಾಥಮಿಕ ಶಿಕ್ಷಣದ ಇತಿಹಾಸದಲ್ಲಿ ವಾರ್ಧಾ ಯೋಜನೆ ಎಂದು ಪ್ರಸಿದ್ಧವಾದುದು ಹುಟ್ಟಿದ್ದು ಆ ಎರಡು ದಿನಗಳಲ್ಲಿ.

ಆ ಶಾಲೆಯ ಮೂಲದಲ್ಲಿದ್ದುದು ಒಂದು ವಿದ್ಯಾರ್ಥಿಗೃಹ. ಸೇಠ್ ಜಮನಾಲಾಲ್ ಬಜಾಜರು ತಮ್ಮ ಸಮಾಜದ ಹುಡುಗರು ಊಟ ವಸತಿಗಳ ಚಿಂತೆಯಿಲ್ಲದೆ ಓದಲೆಂದು 1910ರಲ್ಲಿ ಅದನ್ನು ತೆರೆದರು. ರಾಜಸ್ಥಾನದಲ್ಲಿ ಜನಿಸಿ, ವಾರ್ಧಾದ ಬಚ್ಛರಾಜ್ ಮನೆತನಕ್ಕೆ ದತ್ತು ಬಂದ ಬಜಾಜರು ತಮ್ಮ ಸಂಪತ್ತಿಗೆ ತಾವು ಒಡೆಯರಲ್ಲ, ಧರ್ಮದರ್ಶಿಗಳು ಮಾತ್ರ ಎಂಬ ಭಾವನೆಯನ್ನು ಗಾಂಧೀಜಿಯವರಿಂದ ಸ್ವೀಕರಿಸಿ, ಯಥಾಶಕ್ತಿ ಆಚರಣೆಗೆ ತಂದವರು. 1928ರಲ್ಲಿ ಅವರು ತಮ್ಮ ಮನೆತನದ ಲಕ್ಷ್ಮೀನಾರಾಯಣ ದೇವಾಲಯದ ಬಾಗಿಲನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. ಸ್ವಸಮಾಜದ ಹುಡುಗರಿಗಾಗಿ ತೊಡಗಿದ ಸಂಸ್ಥೆಯೊಂದು ಸರ್ವಸಮಾಜದ ಮಕ್ಕಳ ವಿಚಾರಕ್ಕೆ ಆತಿಥ್ಯ ನೀಡುವಂತಾದ ಬಗೆಯನ್ನು ಅರಿಯಲು ಈ ಹಿನ್ನೆಲೆಯನ್ನು ನೆನೆಯುವುದು ಅಗತ್ಯ.

1937ರಲ್ಲಿ ಆ ಶಿಕ್ಷಣ ಸಂಸ್ಥೆಯ ರಜತ ಮಹೋತ್ಸವ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಮೆರವಣಿಗೆ, ಸನ್ಮಾನ, ಸ್ಮರಣ ಸಂಚಿಕೆಗಳು ನಡೆಯುವುದು ರೂಢಿ. ಅಲ್ಲಿನ ಕಾರ್ಯದರ್ಶಿಗಳಾಗಿದ್ದ ಶ್ರೀಮನ್ನಾರಾಯಣ ಅಗರವಾಲರು ಮಹೋತ್ಸವದ ಅಂಗವಾಗಿ ಶಿಕ್ಷಣ ತಜ್ಞರ ಒಂದು ಸಮ್ಮೇಳನವಾಗಲಿ ಎಂದು ಬಯಸಿದರು. ಗಾಂಧೀಜಿಯವರು ಅಧ್ಯಕ್ಷತೆಗೆ ಒಪ್ಪಿದರು. ಅಕ್ಟೋಬರ್ 22 ಮತ್ತು 23ರಂದು ಸಮ್ಮೇಳನ ನೆರವೇರಿತು. ಕಾಂಗ್ರೆಸ್ ಸರ್ಕಾರವಿದ್ದ ಏಳು ಪ್ರಾಂತಗಳ ಶಿಕ್ಷಣ ಮಂತ್ರಿಗಳಿಗೆ ಆಹ್ವಾನ ಹೋಯಿತು. ಮದ್ರಾಸಿನ ಡಾ. ಪಿ. ಸುಬ್ಬರಾಯನ್, ಮುಂಬಯಿಯ ಬಿ. ಜಿ. ಖೇರ್, ದೆಹಲಿಯ ಜಾಮಿಯಾ ಮಿಲ್ಲಿಯಾದ ಡಾ. ಝಾಕೀರ್ ಹುಸೇನ್, ಅರ್ಥಶಾಸ್ತ್ರಜ್ಞ ಕೆ. ಟಿ. ಷಾ, ವಿನೋಬಾ ಭಾವೆ ಮೊದಲಾದವರು ಸೇರಿದರು. ಕನ್ನಡ ನಾಡಿನ ನಂಟುಳ್ಳವರೊಬ್ಬರೂ ಅಲ್ಲಿದ್ದರು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಹಿಂದೆ ಅಧ್ಯಾಪನ ಮಾಡಿದ್ದ ಕಾಕಾ ಕಾಲೇಲಕರರೇ ಅವರು.

ಚರ್ಚೆಯ ಹಿಂದೆ ಇದ್ದುದು ಒಂದು ನೈತಿಕ ಇಕ್ಕಟ್ಟು. ಪ್ರಾಂತ ಸರ್ಕಾರಗಳ ಬೊಕ್ಕಸಕ್ಕೆ ಅಬಕಾರಿಯಿಂದ ಬರುವ ಹಣ ದೊಡ್ಡದು. ಆ ಹಣವೇ ಶಾಲೆಗಳಿಗೂ ಆಧಾರ. ಸಮ್ಮೇಳನಕ್ಕೆ ಮೂರು ವಾರ ಮೊದಲು, 1937ರ ಅಕ್ಟೋಬರ್ 1ರಂದು, ರಾಜಾಜಿಯವರ ಸರ್ಕಾರ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವನ್ನು ಜಾರಿಗೆ ತಂದಿತ್ತು. ತಂದೆ ಕುಡಿದು ಕಳೆದ ಹಣದಿಂದ ಮಗನಿಗೆ ಅಕ್ಷರ ಕಲಿಸುವುದು ಧರ್ಮವೇ? ಅದನ್ನು ನಿಲ್ಲಿಸಿದರೆ ಶಾಲೆ ನಡೆಯುವುದು ಹೇಗೆ? ಸಪ್ತವ್ಯಸನಗಳಲ್ಲಿ ಸುರಾಪಾನವನ್ನು ಎಣಿಸಿ ತ್ಯಜಿಸಿದ, ದಾನದ ದ್ರವ್ಯ ಶುದ್ಧವಾಗಿರಬೇಕೆಂದು ಬಗೆದ ಶ್ರಾವಕರಿಗೆ ಈ ಪ್ರಶ್ನೆಯ ತೂಕ ಬೇಗನೆ ತಿಳಿಯುತ್ತದೆ. ಗಾಂಧೀಜಿಯವರು ಸೂಚಿಸಿದ ಪರಿಹಾರ ದಿಟ್ಟವಾಗಿತ್ತು. ಮಗು ಒಂದು ಕೈಕಸುಬನ್ನು ಕಲಿಯಲಿ, ಆ ಕಸುಬಿನ ಮೂಲಕವೇ ಗಣಿತ, ಇತಿಹಾಸ, ವಿಜ್ಞಾನಗಳನ್ನು ಅರಿಯಲಿ. ಅದು ತಯಾರಿಸಿದ ವಸ್ತುಗಳ ಮಾರಾಟದಿಂದ ಉಪಾಧ್ಯಾಯರ ಸಂಬಳ ಹೊರಡಲಿ ಎಂದು ಅವರು ಮುಂದಿಟ್ಟರು.

ಕಸುಬನ್ನೂ ಅಕ್ಷರವನ್ನೂ ಒಂದೇ ಎಡೆಯಲ್ಲಿ ಕಲಿಸುವ ವಿಚಾರ ಜೈನರಿಗೆ ಅಪರಿಚಿತವಲ್ಲ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಲ್ಲಿಯೂ, ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿಯೂ ಆದಿತೀರ್ಥಂಕರ ವೃಷಭನಾಥರ ಚರಿತೆಯಿದೆ. ಭೋಗಭೂಮಿಯ ಕಲ್ಪವೃಕ್ಷಗಳು ಮರೆಯಾದಾಗ ಪ್ರಜೆಗಳಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದವರು ಅವರೇ. ಮಗಳು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವನ್ನೂ ಕಲಿಸಿದವರೂ ಅವರೇ. ನೇಗಿಲು ಹಿಡಿಯುವುದನ್ನೂ ಲೇಖನಿ ಹಿಡಿಯುವುದನ್ನೂ ಕಲಿಸಿದ ಗುರು ಒಬ್ಬನೇ ಆದುದರಿಂದ ಇವುಗಳಲ್ಲಿ ಒಂದು ಮೇಲು, ಒಂದು ಕೀಳು ಎಂಬ ಭಾವನೆಗೆ ಅಲ್ಲಿ ಎಡೆಯಿರಬಾರದು. ಆದರೂ ಅದೇ ಪುರಾಣದಲ್ಲಿ ವೃತ್ತಿಯನ್ನು ಅನುಸರಿಸಿ ವರ್ಣಗಳನ್ನು ವಿಂಗಡಿಸಿದ ಪ್ರಸಂಗವೂ ಬರುತ್ತದೆ. ಕಲಿತ ಕಸುಬು ಕಾಲಾಂತರದಲ್ಲಿ ಹುಟ್ಟಿನ ಗುರುತಾಗಿ ಬಿಗಿಯುವ ಅಪಾಯ ಎಷ್ಟು ಹಳೆಯದೆಂಬುದನ್ನು ಇದು ನೆನಪಿಸುತ್ತದೆ.

ವಾರ್ಧಾದ ಸಭೆಯಲ್ಲಿ ಅತ್ಯಂತ ಸ್ಮರಣೀಯವಾದುದು ಗಾಂಧೀಜಿಯವರ ಸೂಚನೆಯಷ್ಟೇ ಅಲ್ಲ, ಅದಕ್ಕೆ ಎದುರಾದ ಮಾತುಗಳೂ ಹೌದು. ಶಾಲೆ ತನ್ನ ವೆಚ್ಚವನ್ನು ತಾನೇ ದುಡಿಯಬೇಕೆಂಬ ಅಂಶವನ್ನು ಕೆ. ಟಿ. ಷಾ ಅವರು ಒಪ್ಪಲಿಲ್ಲ. ಮಕ್ಕಳ ಕೈಯ ಸರಕು ಅಗ್ಗವಾಗಿ ಪೇಟೆಗೆ ಬಂದರೆ ಕಸುಬನ್ನೇ ನಂಬಿದ ಕುಶಲಕರ್ಮಿಗಳ ಗತಿಯೇನು, ಮಕ್ಕಳ ದುಡಿಮೆ ಗುಲಾಮಗಿರಿಯ ರೂಪ ತಾಳದೆ ಇರುವುದೆ ಎಂಬುದು ಅವರ ಆಕ್ಷೇಪದ ಸಾರ. ಝಾಕೀರ್ ಹುಸೇನರು ಕೆಲಸದ ಮೂಲಕ ಶಿಕ್ಷಣವೆಂಬ ತತ್ತ್ವವನ್ನು ಮೆಚ್ಚಿದರೂ ಸ್ವಾವಲಂಬನೆಗೆ ಅತಿಯಾದ ಒತ್ತು ಬಿದ್ದರೆ ಉಪಾಧ್ಯಾಯನು ಬಡ ಹುಡುಗರ ಶ್ರಮವನ್ನು ಹಿಂಡುವ ಮೇಸ್ತ್ರಿಯಾದಾನು ಎಂದು ಎಚ್ಚರಿಸಿದರು. ದೇಶವೇ ಗೌರವಿಸುವ ಅಧ್ಯಕ್ಷರ ಸಮ್ಮುಖದಲ್ಲಿ, ಅವರಿಗೆ ಅತ್ಯಂತ ಪ್ರಿಯವಾದ ವಿಚಾರದ ಬಗೆಗೆ ಆಡಿದ ಮಾತುಗಳಿವು.

ಗಾಂಧೀಜಿಯವರು ತಮ್ಮ ನಿಲುವನ್ನು ಬಿಡಲಿಲ್ಲ. ಆಕ್ಷೇಪಿಸಿದವರನ್ನು ದೂರವಿಡಲೂ ಇಲ್ಲ. ಪಠ್ಯಕ್ರಮವನ್ನು ರೂಪಿಸುವ ಸಮಿತಿಗೆ ಝಾಕೀರ್ ಹುಸೇನರೇ ಅಧ್ಯಕ್ಷರಾದರು, ಕೆ. ಟಿ. ಷಾ ಸದಸ್ಯರಾದರು. ಇವರೊಂದಿಗೆ ಆರ್ಯನಾಯಕಂ, ಆಶಾದೇವಿ, ವಿನೋಬಾ, ಕಾಲೇಲಕರ್, ಜೆ. ಸಿ. ಕುಮಾರಪ್ಪ, ಕಿಶೋರಲಾಲ್ ಮಶ್ರೂವಾಲಾ, ಕೆ. ಜಿ. ಸೈಯಿದೈನ್ ಮೊದಲಾದವರು ಕುಳಿತರು. ಸಿದ್ಧಾಂತದಲ್ಲಿ ಅನೇಕಾಂತವನ್ನು ಒಪ್ಪುವುದು ಸುಲಭ. ತನ್ನ ಮಾತಿನಲ್ಲಿ ದೋಷ ಕಂಡವನ ಕೈಗೇ ತನ್ನ ಕಾರ್ಯವನ್ನು ಒಪ್ಪಿಸುವುದು ಅನೇಕಾಂತದ ಆಚರಣೆ. ಅನೇಕಾಂತವೆಂದರೆ ಎಲ್ಲರ ಮಾತಿಗೂ ತಲೆದೂಗುವುದಲ್ಲ. ತನಗೆ ಕಾಣದ ಮುಖವನ್ನು ಕಂಡವನಿಗೆ ಸ್ಥಾನ ಕೊಡುವುದು.

ಸಮ್ಮೇಳನ ಕೈಗೊಂಡ ನಿರ್ಣಯಗಳು ನಾಲ್ಕು. ರಾಷ್ಟ್ರದಾದ್ಯಂತ ಏಳು ವರ್ಷಗಳ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಮಾತೃಭಾಷೆಯೇ ಮಾಧ್ಯಮ, ಮಗುವಿನ ಪರಿಸರಕ್ಕೆ ಹೊಂದುವ ಉತ್ಪಾದಕ ಕಸುಬೇ ಶಿಕ್ಷಣದ ಕೇಂದ್ರ, ಕ್ರಮೇಣ ಉಪಾಧ್ಯಾಯರ ವೇತನ ಇದರಿಂದ ಹೊರಡಬಹುದೆಂಬ ನಿರೀಕ್ಷೆ. ಸಮಿತಿಯು ಅದೇ ವರ್ಷದ ಡಿಸೆಂಬರ್ 2ರಂದು ವರದಿಯನ್ನು ಒಪ್ಪಿಸಿತು. ಅದರ ವೇಳಾಪಟ್ಟಿಯಲ್ಲಿ ದಿನದ ಐದೂವರೆ ಗಂಟೆಗಳ ಪೈಕಿ 3 ಗಂಟೆ 20 ನಿಮಿಷ ಕಸುಬಿಗೆ ಮೀಸಲಾಗಿತ್ತು. ಇಷ್ಟು ಕಾಲ ಕಸುಬಿಗೇ ಹೋದರೆ ಓದಿಗೆ ಉಳಿಯುವುದೇನು ಎಂಬ ಟೀಕೆ ಸಹಜವಾಗಿಯೇ ಬಂದಿತು. ಆದರೆ ಸಂಪಾದನೆಯ ಅಂಶಕ್ಕೆ ಒತ್ತು ಹೆಚ್ಚಿ ಸಂಸ್ಕಾರದ ಅಂಶ ಬಲಿಯಾಗದಂತೆ ಕಾಯಬೇಕೆಂಬ ಎಚ್ಚರಿಕೆಯೂ ಆ ವರದಿಯಲ್ಲಿಯೇ ದಾಖಲಾಯಿತು. 1938ರ ಫೆಬ್ರವರಿಯಲ್ಲಿ ಹರಿಪುರಾ ಕಾಂಗ್ರೆಸ್ ಅಧಿವೇಶನ ಮೂಲ ತತ್ತ್ವಗಳನ್ನು ಅಂಗೀಕರಿಸಿತು. ಆದರೆ ಮರುವರ್ಷವೇ ಯುದ್ಧದ ಕಾರಣದಿಂದ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆಯಿತ್ತುದರಿಂದ ಯೋಜನೆಯ ಗತಿ ಕುಂಠಿತವಾಯಿತು.

ಸಮ್ಮೇಳನದ ಎಚ್ಚರಿಕೆಯನ್ನು ಮರೆತರೆ ಏನಾಗುವುದೆಂಬುದಕ್ಕೆ ಬಿಜೂರೂ ಸೇರಿದ್ದ ರಾಜ್ಯದಲ್ಲಿಯೇ ನಿದರ್ಶನ ದೊರೆಯಿತು. ದಕ್ಷಿಣ ಕನ್ನಡವು 1956ರ ಅಕ್ಟೋಬರ್ 31ರವರೆಗೂ ಮದ್ರಾಸು ರಾಜ್ಯದಲ್ಲಿತ್ತು. ಅಲ್ಲಿ ಮತ್ತೆ ಮುಖ್ಯಮಂತ್ರಿಗಳಾದ ರಾಜಾಜಿಯವರು 1953ರಲ್ಲಿ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆಯನ್ನು ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿರಬೇಕು, ಉಳಿದ ವೇಳೆಯಲ್ಲಿ ಮನೆಯ ಕಸುಬನ್ನು ಕಲಿಯಬೇಕು ಎಂಬುದು ಅದರ ತಿರುಳು. ಇದ್ದ ಕಟ್ಟಡ, ಇದ್ದ ಉಪಾಧ್ಯಾಯರಲ್ಲಿಯೇ ಎರಡು ತಂಡಗಳಿಗೆ ಪಾಠ ಹೇಳಿ ಹೆಚ್ಚು ಮಕ್ಕಳನ್ನು ಶಾಲೆಗೆ ಸೇರಿಸಬಹುದೆಂಬ ಲೆಕ್ಕ ಅದರಲ್ಲಿತ್ತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕ್ಷೌರಿಕನ ಮಗ ಕ್ಷೌರವನ್ನೂ ಅಗಸನ ಮಗ ಬಟ್ಟೆ ಒಗೆಯುವುದನ್ನೂ ಕಲಿಯುವಂತಾದರೆ ಅದು ಕುಲಕಸುಬಿನ ಶಿಕ್ಷಣವಾಗುವುದಲ್ಲದೆ ಮತ್ತೇನು ಎಂದು ಜನರು ಪ್ರತಿಭಟಿಸಿದರು. 1954ರ ಏಪ್ರಿಲಿನಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದರು. ಆ ವರ್ಷವೇ ಯೋಜನೆ ರದ್ದಾಯಿತು.

ವಾರ್ಧಾದ ವಿಚಾರಕ್ಕೂ ಈ ಯೋಜನೆಗೂ ಹೊರನೋಟಕ್ಕೆ ಹೋಲಿಕೆಯಿದೆ; ಎರಡರಲ್ಲಿಯೂ ಅಕ್ಷರದೊಂದಿಗೆ ಕಸುಬಿದೆ. ಆದರೆ ವಾರ್ಧಾದ ಶಾಲೆಯಲ್ಲಿ ಎಲ್ಲ ಕುಲಗಳ ಮಕ್ಕಳೂ ಒಂದೆಡೆ ಕುಳಿತು ಒಂದೇ ಕಸುಬನ್ನು ಕಲಿಯಬೇಕಾಗಿತ್ತು. ವರ್ತಕನ ಮಗನೂ ತಕಲಿಯಲ್ಲಿ ನೂಲಬೇಕು, ಕೂಲಿಯ ಮಗನೂ ಲೆಕ್ಕ ಬರೆಯಬೇಕು. 1953ರ ಯೋಜನೆಯಲ್ಲಿ ಮಗು ಮಧ್ಯಾಹ್ನ ಮರಳುತ್ತಿದ್ದುದು ತಾನು ಹುಟ್ಟಿದ ಮನೆಯ ಕಸುಬಿಗೆ. ಮೊದಲನೆಯದರಲ್ಲಿ ಶ್ರಮವು ಭೇದವನ್ನು ಕಳೆಯುವ ಸಾಧನವಾಗಿದ್ದರೆ ಎರಡನೆಯದರಲ್ಲಿ ಭೇದವನ್ನು ಬಿಗಿಯುವ ಹಗ್ಗವಾಗುವ ಸಂಭವವಿತ್ತು.

ಈ ವ್ಯತ್ಯಾಸವನ್ನು ಬದುಕಿನಿಂದಲೇ ತೋರಿಸಿದವರು ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ್ ಪಾಟೀಲರು. ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಅವರು ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುವ ವಿದ್ಯಾರ್ಥಿನಿಲಯವನ್ನು ತೆರೆದರು. ದುಡಿಯುತ್ತ ಕಲಿಯುವುದು ಅವರ ಸಂಸ್ಥೆಗಳ ನಿಯಮವಾಯಿತು. ದಕ್ಷಿಣ ಕನ್ನಡದಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ತೆರೆದು ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿ, ವಿದ್ಯೆಗಳ ಆಶ್ರಯವಿತ್ತರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳು ಒಂದೇ ಸೂರಿನಡಿ ಕೂಡುವ ಸ್ಥಳ ವಿದ್ಯಾರ್ಥಿನಿಲಯವಲ್ಲದೆ ಬೇರೊಂದಿಲ್ಲ.

ವಾರ್ಧಾದ ಮೊದಲನೆಯ ನಿರ್ಣಯ ಶಾಸನವಾಗಲು 72 ವರ್ಷಗಳು ಹಿಡಿದವು. 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿಸಿದ ಕಾಯಿದೆ 2009ರಲ್ಲಿ ಬಂದು, 2010ರ ಏಪ್ರಿಲ್ 1ರಂದು ಜಾರಿಯಾಯಿತು. ಇಂದು ಬಿಜೂರಿನ ಮಗುವಿಗೂ ಭಟ್ಕಳದ ಮಗುವಿಗೂ ಒಂದೇ ರಾಜ್ಯ, ಒಂದೇ ಕಾಯಿದೆ. ಆದರೆ ಝಾಕೀರ್ ಹುಸೇನರೂ ಷಾ ಅವರೂ ಎತ್ತಿದ ಪ್ರಶ್ನೆಗೆ ಕಾಯಿದೆಯೊಂದೇ ಉತ್ತರವಾಗದು. ವಿದ್ಯಾರ್ಥಿನಿಲಯದ ಹುಡುಗ ತೋಟಕ್ಕೆ ನೀರು ಹಾಯಿಸುವಾಗ, ಪಾತ್ರೆ ತೊಳೆಯುವಾಗ, ಉತ್ಸವದ ದಿನ ಪಂಕ್ತಿಯಲ್ಲಿ ಬಡಿಸುವಾಗ ಅವನು ಕಲಿಯುತ್ತಿದ್ದಾನೆಯೋ ಅಥವಾ ಆಡಳಿತದ ಖರ್ಚನ್ನು ಉಳಿಸುತ್ತಿದ್ದಾನೆಯೋ? ಶುಲ್ಕ ತೆತ್ತವನ ಮಗನಿಗೂ ಉಚಿತವಾಗಿ ಉಣ್ಣುವವನ ಮಗನಿಗೂ ಸರದಿ ಒಂದೇ ಆಗಿದೆಯೆ?

ಶಾಲೆಯನ್ನೋ ವಿದ್ಯಾರ್ಥಿನಿಲಯವನ್ನೋ ನಡೆಸುವ ಪ್ರತಿಯೊಂದು ಬಸದಿಯ ಆಡಳಿತ ಮಂಡಳಿಯೂ ಈ ಎರಡು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳಬೇಕು. ಬೆಳ್ಳಿಹಬ್ಬವೋ ಚಿನ್ನದ ಹಬ್ಬವೋ ಬಂದಾಗ ಶಿಕ್ಷಕರ ಸಮ್ಮೇಳನವನ್ನು ಕರೆಯುವುದು ಶ್ಲಾಘ್ಯವೇ. ಹಾಗೆ ಕರೆದಾಗ ಸಂಸ್ಥೆಯನ್ನು ಹೊಗಳುವವರ ಜೊತೆಗೆ ಅದರ ದೋಷವನ್ನು ಕಾಣಬಲ್ಲವರಿಗೂ ಒಂದು ಪೀಠವಿರಲಿ. ಅವರು ಆಡಿದ ಮಾತು ವರದಿಯಲ್ಲಿ ಸೇರಲಿ. ಸಾಧ್ಯವಾದರೆ ಮುಂದಿನ ಸಮಿತಿಯ ಹೊಣೆಯೂ ಅವರಿಗೇ ಸಲ್ಲಲಿ. 1937ರ ಅಕ್ಟೋಬರಿನಲ್ಲಿ ವಾರ್ಧಾದ ಶಾಲೆಯೊಂದು ತನ್ನ ಮಹೋತ್ಸವವನ್ನು ಆಚರಿಸಿದ್ದು ಹೀಗೆ.